ಎಲೆಯ ಕೋಶ, ಹುಳುವಿನ ಕೋಶ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಪ್ರೌಢಶಾಲೆಗಳ ವಿಜ್ಞಾನ ಕೊಠಡಿಗಳಲ್ಲಿ ಎರಡು ಚಿತ್ರಗಳು ಪಕ್ಕಪಕ್ಕದಲ್ಲೇ ತೂಗಾಡುತ್ತಿರುತ್ತವೆ. ಒಂದು ಚೌಕಾಕಾರದ ಸಸ್ಯಕೋಶ, ಇನ್ನೊಂದು ದುಂಡಗಿನ ಪ್ರಾಣಿಕೋಶ. ಒಂಬತ್ತನೇ ತರಗತಿಯ ಮಕ್ಕಳು ಅವನ್ನು ನೋಡಿ ಬರೆದು, ಬಾಣದ ಗುರುತು ಎಳೆದು, ಕೋಶಕೇಂದ್ರ, ಮೈಟೊಕಾಂಡ್ರಿಯ, ಗಾಲ್ಗಿ ಸಂಕೀರ್ಣ, ರಸದಾನಿ ಎಂದು ಹೆಸರು ಹಾಕುತ್ತಾರೆ. ಎರಡರ ನಡುವಿನ ವ್ಯತ್ಯಾಸಗಳನ್ನು ಬಾಯಿಪಾಠ ಮಾಡುತ್ತಾರೆ. ಅಂಕವೂ ಬರುತ್ತದೆ. ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಕೋಶ ಯಾವ ಗಿಡದಲ್ಲೂ ಯಾವ ಪ್ರಾಣಿಯಲ್ಲೂ ಸಿಗುವುದಿಲ್ಲ. ಅದು ಎಲ್ಲ ಕೋಶಗಳಿಂದ ಒಂದೊಂದು ಅಂಶ ತೆಗೆದು ಹೊಂದಿಸಿದ ಮಾದರಿ. ನಿಜವಾದ ಕೋಶಕ್ಕೆ ಒಂದು ಕೆಲಸವಿರುತ್ತದೆ. ಆ ಕೆಲಸಕ್ಕೆ ತಕ್ಕಂತೆ ಅದರಲ್ಲಿ ಒಂದು ಕಣದಂಗ ಮಿತಿಮೀರಿ ಬೆಳೆದಿರುತ್ತದೆ, ಮತ್ತೊಂದು ಇದ್ದೂ ಇಲ್ಲದಂತಿರುತ್ತದೆ. ಯಾವುದು ಎಷ್ಟಿದೆ, ಎಲ್ಲಿ ಕೂತಿದೆ ಎಂದು ನೋಡಿಯೇ ಆ ಕೋಶದ ಕೆಲಸವೇನು ಎಂದು ಹೇಳಬಹುದು.

ಹಾಗಾದರೆ ಒಂದು ನಿಜವಾದ ಸಸ್ಯಕೋಶವನ್ನೂ ಒಂದು ನಿಜವಾದ ಪ್ರಾಣಿಕೋಶವನ್ನೂ ಎದುರಿಗಿಟ್ಟುಕೊಂಡು ನೋಡೋಣ. ಪಶ್ಚಿಮ ಬೆಂಗಳೂರಿನವರಿಗೆ ಇದಕ್ಕಿಂತ ಅನುಕೂಲದ ಜಾಗ ಮತ್ತೊಂದಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿ ದಾಟಿದರೆ ರಾಮನಗರ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ರೇಷ್ಮೆ ವಿಭಾಗವಿದೆ. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಮಾಗಡಿ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ರೇಷ್ಮೆ ನೇಯುವ ಪವರ್‌ಲೂಮುಗಳ ಸದ್ದು ಇನ್ನೂ ಕೇಳಿಸುತ್ತದೆ. ಈ ಎಲ್ಲದರ ಬುಡದಲ್ಲಿರುವುದು ಎರಡು ಬಗೆಯ ಕೋಶಗಳು: ಹಿಪ್ಪುನೇರಳೆ ಎಲೆಯ ಕೋಶ ಮತ್ತು ರೇಷ್ಮೆಹುಳುವಿನ ರೇಷ್ಮೆ ಗ್ರಂಥಿಯ ಕೋಶ. ಒಂದು ಇನ್ನೊಂದರ ಆಹಾರ.

ಈ ಜೋಡಿಗೆ ಹಳೆಯ ಇತಿಹಾಸವೇ ಇದೆ. ಇಟಲಿಯ ಬೊಲೊನ್ಯದ ಮಾರ್ಸೆಲೊ ಮಾಲ್ಪಿಗಿ ಸೂಕ್ಷ್ಮದರ್ಶಕದಡಿ ರೇಷ್ಮೆಹುಳುವನ್ನು ಸೀಳಿ ನೋಡಿ ಬರೆದ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ 1669ರಲ್ಲಿ ಪ್ರಕಟಿಸಿತು. ಒಂದು ಕೀಟದ ಒಳರಚನೆಯನ್ನು ಅಷ್ಟು ವಿವರವಾಗಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲ. ಅದೇ ಮಾಲ್ಪಿಗಿ ಕೆಲವೇ ವರ್ಷಗಳಲ್ಲಿ ಗಿಡಗಳ ಕಡೆ ತಿರುಗಿ ಸಸ್ಯಗಳ ಅಂಗರಚನೆಯ ಮೇಲೆ ಎರಡು ಸಂಪುಟಗಳನ್ನು ಬರೆದ. ಗಿಡ, ಪ್ರಾಣಿ ಎರಡೂ ಕೋಶಗಳಿಂದಲೇ ಆಗಿವೆ ಎಂದು ಶ್ಲೈಡನ್ ಮತ್ತು ಶ್ವಾನ್ ಹೇಳಿದ್ದು 1838–39ರಲ್ಲಿ, ಅಂದರೆ ಸುಮಾರು ಒಂದೂಮುಕ್ಕಾಲು ಶತಮಾನದ ನಂತರ.

ಮೊದಲು ಎಲೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ವಿ-1, ಚನ್ನಪಟ್ಟಣದ ಕಡೆಯ ಕಣ್ವ ರೇಷ್ಮೆ ಕ್ಷೇತ್ರದಲ್ಲಿ ಆರಿಸಿದ ಕಣ್ವ-2, ಹೀಗೆ ಹಿಪ್ಪುನೇರಳೆಯಲ್ಲಿ ತಳಿಗಳು ಹಲವು. ಯಾವುದೇ ಎಲೆಯನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಪದರದ ಕೆಳಗೆ ಉದ್ದುದ್ದ ಕೋಶಗಳು ಒತ್ತಾಗಿ ನಿಂತಿರುತ್ತವೆ. ಎಲೆಯ ಅಡುಗೆ ನಡೆಯುವುದು ಮುಖ್ಯವಾಗಿ ಇಲ್ಲಿ. ಗೋಡೆಚಿತ್ರದಲ್ಲಿ ಹಸಿರು ಕ್ಲೋರೋಪ್ಲಾಸ್ಟುಗಳು ಕೋಶದ ತುಂಬ ಚೆಲ್ಲಾಡಿರುತ್ತವಲ್ಲವೆ? ಈ ಕೋಶದಲ್ಲಿ ಹಾಗಿಲ್ಲ. ಕೋಶದ ನಡುವಿನ ಬಹುಪಾಲು ಜಾಗವನ್ನು ಒಂದೇ ಒಂದು ದೊಡ್ಡ ರಸದಾನಿ ಆಕ್ರಮಿಸಿಕೊಂಡಿದೆ. ಕೋಶದ್ರವ್ಯ ತೆಳುವಾದ ಪದರವಾಗಿ ಅಂಚಿಗೆ ಸರಿದಿದೆ. ಹತ್ತಾರು ಕ್ಲೋರೋಪ್ಲಾಸ್ಟುಗಳು ಕೋಶಭಿತ್ತಿಗೆ ಅಂಟಿಕೊಂಡಂತೆ ಸಾಲಾಗಿ ಕೂತಿವೆ.

ಅಂಚಿನಲ್ಲೇ ಏಕೆ? ಇಂಗಾಲದ ಡೈ ಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಯೊಳಗಿನ ಗಾಳಿಯ ಸಂದುಗಳಿಂದ ಕೋಶಕ್ಕೆ ಬರುವ ಅನಿಲ ಒಳಗಿನ ನೀರನ್ನು ದಾಟಿ ದೂರ ಹೋಗಬೇಕಾದರೆ ಅಡುಗೆ ಕುಂಟುತ್ತದೆ. ಆದ್ದರಿಂದ ಬೇಕಾದವರು ಬಾಗಿಲ ಬಳಿಯೇ ಇರಬೇಕು. ಬಿಸಿಲು ಜಾಸ್ತಿಯಾದಾಗ ಇದೇ ಕ್ಲೋರೋಪ್ಲಾಸ್ಟುಗಳು ಬೆಳಕು ನೇರವಾಗಿ ಬೀಳದ ಪಕ್ಕದ ಭಿತ್ತಿಗಳಿಗೆ ಜರುಗುತ್ತವೆ, ಬೆಳಕು ಕಡಿಮೆಯಾದಾಗ ಮತ್ತೆ ಮುಂದೆ ಬಂದು ಹರಡಿಕೊಳ್ಳುತ್ತವೆ. ಚಿತ್ರದಲ್ಲಿ ನಿಶ್ಚಲವಾಗಿರುವ ಕಣದಂಗ ನಿಜದಲ್ಲಿ ಓಡಾಡುತ್ತದೆ ಎಂಬುದನ್ನು ಮಕ್ಕಳಿಗೆ ಯಾರಾದರೂ ಹೇಳಲೇಬೇಕು.

ಕ್ಲೋರೋಪ್ಲಾಸ್ಟಿಗೆ ಎರಡು ಹೊರಪೊರೆಗಳು. ಒಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಪೊರೆಗಳ ಅಟ್ಟಿಗಳು. ಬೆಳಕು ಹಿಡಿಯುವುದು, ನೀರನ್ನು ಒಡೆದು ಆಮ್ಲಜನಕ ಬಿಡುವುದು ಈ ಪೊರೆಗಳ ಮೇಲೆ ನಡೆಯುತ್ತದೆ. ಅಟ್ಟಿಗಳ ಸುತ್ತಲಿನ ದ್ರವದಲ್ಲಿ ರುಬಿಸ್ಕೊ ಎಂಬ ಕಿಣ್ವವಿದೆ; ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವುದು ಅದೇ. ಇಷ್ಟು ದೊಡ್ಡ ಹೊಣೆ ಹೊತ್ತ ಕಿಣ್ವ ಆಶ್ಚರ್ಯವಾಗುವಷ್ಟು ನಿಧಾನಿ. ಸಾವಿರಾರು ಅಣುಗಳನ್ನು ಸೆಕೆಂಡಿನಲ್ಲಿ ಮುಗಿಸುವ ಕಿಣ್ವಗಳಿರುವಾಗ ಇದು ಸೆಕೆಂಡಿಗೆ ಹಿಡಿಯುವುದು ಮೂರೋ ನಾಲ್ಕೋ ಅಣುಗಳನ್ನು. ನಿಧಾನವನ್ನು ಎಲೆ ಸಂಖ್ಯೆಯಿಂದ ತುಂಬಿಸಿಕೊಳ್ಳುತ್ತದೆ, ಕ್ಲೋರೋಪ್ಲಾಸ್ಟಿನ ತುಂಬ ರುಬಿಸ್ಕೊ ತುರುಕುತ್ತದೆ. ಇದರ ಪರಿಣಾಮ ದೊಡ್ಡದು: ಹಿಪ್ಪುನೇರಳೆಯಂಥ ಸಸ್ಯಗಳ ಎಲೆಯ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲೋರೋಪ್ಲಾಸ್ಟುಗಳಲ್ಲೇ ಇರುತ್ತದೆ. ಹುಳು ಸೊಪ್ಪು ತಿನ್ನುವುದೆಂದರೆ ಮುಖ್ಯವಾಗಿ ಕ್ಲೋರೋಪ್ಲಾಸ್ಟಿನ ಪ್ರೋಟೀನನ್ನು ತಿನ್ನುವುದು. ಮದುವೆ ಸೀರೆಯ ಎಳೆಯಲ್ಲಿರುವ ಸಾರಜನಕದಲ್ಲಿ ಹೆಚ್ಚಿನ ಪಾಲು ಹಿಂದೊಮ್ಮೆ ಬೆಳಕಿನ ಕೆಲಸದಲ್ಲಿ ತೊಡಗಿದ್ದದ್ದು.

ರಸದಾನಿಯನ್ನು ನಾವು ಖಾಲಿ ಜಾಗವೆಂದು ನೋಡಿ ಮುಂದೆ ಹೋಗುತ್ತೇವೆ, ರೈತ ಹಾಗೆ ನೋಡುವುದಿಲ್ಲ. ರೇಷ್ಮೆಹುಳು ನೀರು ಕುಡಿಯುವುದಿಲ್ಲ, ಅದಕ್ಕೆ ಬೇಕಾದ ನೀರೆಲ್ಲ ಎಲೆಯಿಂದಲೇ ಬರಬೇಕು. ಆ ನೀರಿನ ಬಹುಪಾಲು ಇರುವುದು ರಸದಾನಿಯಲ್ಲಿ. ಅದಕ್ಕೇ ಸೊಪ್ಪನ್ನು ತಂಪು ಹೊತ್ತಿನಲ್ಲಿ ಕೊಯ್ಯುತ್ತಾರೆ, ತಂದ ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತಾರೆ. ರಸದಾನಿ ತುಂಬಿದ್ದಾಗ ಅದು ಒಳಗಿನಿಂದ ಭಿತ್ತಿಯನ್ನು ಒತ್ತಿ ಎಲೆಯನ್ನು ಬಿರುಸಾಗಿ ಇಡುತ್ತದೆ. ಬರಿದಾದರೆ ಎಲೆ ಬಾಡುತ್ತದೆ, ಹುಳು ಮೂಸಿಯೂ ನೋಡುವುದಿಲ್ಲ. ಕೊಯ್ದ ಸೊಪ್ಪನ್ನು ದಪ್ಪ ರಾಶಿ ಹಾಕಬಾರದೆಂಬ ಎಚ್ಚರವೂ ಅವರಿಗಿದೆ, ಒಳಗೆ ಕಾವು ಏಳುತ್ತದೆ. ಆ ಕಾವು ಬರುವುದು ಉಸಿರಾಟದಿಂದ, ಅದರಲ್ಲೂ ಎಲೆಕೋಶಗಳ ಮೈಟೊಕಾಂಡ್ರಿಯಗಳಿಂದ. ಗಿಡಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೊಕಾಂಡ್ರಿಯ ಎಂದು ಹಂಚಿಕೊಂಡು ಕಲಿಯುವ ಮಕ್ಕಳು ಬಹಳ. ಕಿತ್ತ ಮೇಲೂ ಎಲೆಯ ಕೋಶಗಳು ಬದುಕಿರುತ್ತವೆ, ಉಸಿರಾಡುತ್ತವೆ, ಸಕ್ಕರೆ ಸುಡುತ್ತವೆ. ಸೊಪ್ಪಿನ ರಾಶಿಗೆ ಕೈ ತೂರಿಸಿದರೆ ಸಸ್ಯದ ಮೈಟೊಕಾಂಡ್ರಿಯದ ಬಿಸಿ ಅಂಗೈಗೆ ತಾಗುತ್ತದೆ.

ಎಲೆ ಕಿತ್ತ ಕೂಡಲೇ ತೊಟ್ಟಿನಿಂದ ಬಿಳಿ ಹಾಲು ಒಸರುತ್ತದೆ. ನರಗಳ ಉದ್ದಕ್ಕೂ ಹಬ್ಬಿರುವ ವಿಶೇಷ ಕೋಶಗಳ ಒಳದ್ರವ ಅದು. ಅದರಲ್ಲಿ ಸಕ್ಕರೆಯನ್ನು ಹೋಲುವ ಕ್ಷಾರಾಭಗಳಿವೆ; ಅವು ಹೊಟ್ಟೆಯಲ್ಲಿ ಸಕ್ಕರೆ ಒಡೆಯುವ ಕಿಣ್ವಗಳಿಗೆ ಸಿಕ್ಕಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. ಜಪಾನಿನ ಕೊನ್ನೊ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಔಡಲ ತಿಂದು ಬೆಳೆಯುವ ಎರಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಕೊಟ್ಟರೆ ಆ ಹಾಲಿನ ವಿಷಕ್ಕೆ ಸಾಯುತ್ತದೆ. ನಮ್ಮ ಹುಳುವಿಗೆ ಏನೂ ಆಗುವುದಿಲ್ಲ. ಈ ವಿಷಕ್ಕೆ ಬಗ್ಗದ ಸಕ್ಕರೆ ಕಿಣ್ವವೊಂದು ಅದರ ಬಳಿ ಇದೆ.

ಈಗ ಹುಳು. ಮೊಟ್ಟೆಯಿಂದ ಹೊರಬಂದಾಗ ಅರ್ಧ ಮಿಲಿಗ್ರಾಂ ಕೂಡ ತೂಗದ ಹುಳು ತಿಂಗಳೊಳಗೆ ಸುಮಾರು ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ. ನಡುವೆ ನಾಲ್ಕು ಬಾರಿ ಪೊರೆ ಕಳಚುತ್ತದೆ. ಸಾಕುವವರ ಮಾತಿನಲ್ಲಿ ಹೇಳುವುದಾದರೆ ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಮೇಲಿನ ಐದನೇ ಹಂತದಲ್ಲಿ ಅದು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿನ್ನುತ್ತದೆ. ಎಲೆಕೋಶದ ಭಿತ್ತಿಯ ಸೆಲ್ಯುಲೋಸ್ ಅದಕ್ಕೆ ಜೀರ್ಣವಾಗುವುದಿಲ್ಲ. ದವಡೆಯಿಂದ ಕತ್ತರಿಸಿ ಒಡೆದ ಕೋಶಗಳ ಒಳಗಿನದ್ದನ್ನು ಹೀರಿಕೊಂಡು ಭಿತ್ತಿಯನ್ನು ಹಿಕ್ಕೆಯಾಗಿ ಹೊರಹಾಕುತ್ತದೆ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಹುಳುಗಳಿಗೆ, ಎಳೆ ಎಲೆಯೇ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ, ಎಳೆ ಕೋಶದ ಭಿತ್ತಿ ತೆಳು. ಹಿಕ್ಕೆಯಲ್ಲಿ ಪತ್ರಹರಿತ್ತಿನ ಅಂಶ ಎಷ್ಟು ಉಳಿದಿರುತ್ತದೆಂದರೆ ಅದರಿಂದ ಕ್ಲೋರೊಫಿಲ್ ತೆಗೆಯುವ ಉದ್ಯಮವೇ ಇದೆ.

ಹುಳುವಿನ ಕರುಳಿನ ಒಳಗೆ ಕ್ಷಾರ ಬಲವಾಗಿದೆ, ಪಿಎಚ್ 9ಕ್ಕಿಂತ ಮೇಲೆ. ಪತಂಗಗಳ ಮರಿಹುಳುಗಳ ಕರುಳಿನಲ್ಲಿ ಹೂಜಿಯಾಕಾರದ ಕೋಶಗಳಿವೆ. ಅವುಗಳ ಪೊರೆಯಲ್ಲಿರುವ ಪ್ರೋಟೀನ್ ಪಂಪುಗಳು ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ವ್ಯಯಿಸಿ ಈ ಕ್ಷಾರವನ್ನು ಕಾಪಾಡುತ್ತವೆ. ಪಂಪುಗಳಿರುವ ಪೊರೆ ಬೆರಳುಗಳಂತೆ ಒಳಕ್ಕೆ ಚಾಚಿಕೊಂಡಿದ್ದು, ಆ ಬೆರಳೊಂದೊಂದರ ಒಳಗೂ ಮೈಟೊಕಾಂಡ್ರಿಯ ನುಗ್ಗಿ ಕೂತಿರುತ್ತದೆ. ಎಟಿಪಿ ಎಲ್ಲಿ ಖರ್ಚಾಗುತ್ತದೆಯೋ ಅಲ್ಲೇ ಅದರ ಉತ್ಪಾದನೆ. ಮೈಟೊಕಾಂಡ್ರಿಯವನ್ನು ಕೋಶದ ಶಕ್ತಿಕೇಂದ್ರ ಎಂದು ಒಂದೇ ಸಾಲಿನಲ್ಲಿ ಕಲಿಸಿ ಮುಗಿಸುತ್ತೇವೆ. ಅದು ಎಲ್ಲಿ ನಿಂತಿದೆ ಎನ್ನುವುದೇ ಅದರ ಅರ್ಧ ಕಥೆ.

ಇನ್ನು ರೇಷ್ಮೆ ಗ್ರಂಥಿ. ಗೂಡು ಕಟ್ಟಲು ಹಣ್ಣಾದ ಹುಳುವನ್ನು ಉಪ್ಪುನೀರಿನ ತಟ್ಟೆಯಲ್ಲಿ ಬೆನ್ನಿನಿಂದ ಸೀಳಿದರೆ ಅಕ್ಕಪಕ್ಕಗಳಲ್ಲಿ ಎರಡು ಗ್ರಂಥಿಗಳು ಮಡಿಚಿಕೊಂಡು ಮಲಗಿರುವುದು ಬರಿಗಣ್ಣಿಗೇ ಕಾಣುತ್ತದೆ. ನಡುಭಾಗ ದಪ್ಪ, ಹಿಂಭಾಗ ಅಂಕುಡೊಂಕಾದ ಸಣ್ಣ ನಳಿಕೆ, ಮುಂಭಾಗ ಬಾಯಿಯತ್ತ ಹೋಗುವ ತೆಳು ಎಳೆ. ಹುಳುವಿನ ತೂಕದ ದೊಡ್ಡ ಪಾಲು ಈ ಹೊತ್ತಿಗೆ ಈ ಎರಡು ಗ್ರಂಥಿಗಳದ್ದೇ. ನಾನಂತೂ ಪ್ರತಿ ಪ್ರೌಢಶಾಲೆಯ ಮಕ್ಕಳಿಗೂ ಇದನ್ನೊಮ್ಮೆ ತೋರಿಸಬೇಕೆಂದು ಬಯಸುತ್ತೇನೆ. ಹಿಂಭಾಗದಲ್ಲಿ ಸುಮಾರು ಐನೂರು ಕೋಶಗಳಿವೆ, ನಡುಭಾಗದಲ್ಲಿ ಮುನ್ನೂರರ ಆಸುಪಾಸು. ಒಂದು ಕಿಲೋಮೀಟರಿನಷ್ಟು ಉದ್ದದ ಎಳೆಗೆ ಬೇಕಾದ ಪ್ರೋಟೀನನ್ನೆಲ್ಲ ತಯಾರಿಸುವವು ಇಷ್ಟೇ ಕೋಶಗಳು.

ಹುಳು ಇನ್ನೂ ಮೊಟ್ಟೆಯಲ್ಲಿ ಭ್ರೂಣವಾಗಿದ್ದಾಗಲೇ ಈ ಕೋಶಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ಆಮೇಲೆ ಅವು ಒಮ್ಮೆಯೂ ವಿಭಜನೆಯಾಗುವುದಿಲ್ಲ. ಗೋಡೆಚಿತ್ರದ ಪ್ರಾಣಿಕೋಶದಲ್ಲಿ ಎದ್ದುಕಾಣುವಂತೆ ಬರೆದ ಸೆಂಟ್ರಿಯೋಲಿಗೆ ಇಲ್ಲಿ ಕೋಶ ಒಡೆಯುವ ಕೆಲಸವೇ ಇಲ್ಲ. ಕೋಶ ಒಡೆಯದಿದ್ದರೂ ಒಳಗಿನ ಡಿಎನ್‌ಎ ಮಾತ್ರ ಇಮ್ಮಡಿಯಾಗುತ್ತಲೇ ಹೋಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಹದಿನೇಳು, ಹದಿನೆಂಟು ಸುತ್ತು. ಕೊನೆಗೆ ಒಂದೊಂದು ಕೋಶಕೇಂದ್ರದಲ್ಲಿ ಲಕ್ಷಗಟ್ಟಲೆ ಪ್ರತಿಗಳು ಸೇರಿರುತ್ತವೆ. ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎಗೆ ಹೋಲಿಸಿದರೆ ಇದು ಸಾವಿರಾರು ಪಟ್ಟು. ಇಷ್ಟನ್ನು ಒಳಗಿಟ್ಟುಕೊಂಡ ಕೋಶಕೇಂದ್ರ ದುಂಡಗಿರಲು ಸಾಧ್ಯವಿಲ್ಲ. ಅದು ಕವಲೊಡೆದು, ಕೋಶದ ಮೂಲೆಮೂಲೆಗೆ ಕೊಂಬೆ ಚಾಚಿ ನಿಲ್ಲುತ್ತದೆ. ಇದರಿಂದ ಕೋಶಕೇಂದ್ರದ ಪೊರೆಯ ವಿಸ್ತಾರ ಹೆಚ್ಚುತ್ತದೆ, ಸಂದೇಶ ಹೊತ್ತ ಆರ್‌ಎನ್‌ಎ ಹೊರಬರುವ ರಂಧ್ರಗಳಿಗೆ ಜಾಗ ಸಿಗುತ್ತದೆ, ಕೋಶದ ಯಾವ ಮೂಲೆಯೂ ಕೋಶಕೇಂದ್ರಕ್ಕೆ ದೂರವಾಗುವುದಿಲ್ಲ.

ರಾಜಾಜಿನಗರದ ಉತ್ತರದಂಚಿಗೆ, ಯಶವಂತಪುರದ ಬಗಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಪಿ. ಗೋಪಿನಾಥನ್ ಮತ್ತವರ ವಿದ್ಯಾರ್ಥಿಗಳು ಈ ಗ್ರಂಥಿಯನ್ನು ಹಲವು ವರ್ಷ ಅಧ್ಯಯನ ಮಾಡಿದರು. ಕೋಶ ವಿಭಜನೆಯಾಗದೆ ಡಿಎನ್‌ಎ ಹೇಗೆ ಇಮ್ಮಡಿಯಾಗುತ್ತದೆ, ಗ್ಲೈಸಿನ್ ಎಂಬ ಅಮೈನೊ ಆಮ್ಲವನ್ನು ಹೊತ್ತು ತರುವ ಟಿ-ಆರ್‌ಎನ್‌ಎಗಳ ಜೀನ್‌ಗಳು ಹೇಗೆ ಕೆಲಸ ಮಾಡುತ್ತವೆ ಎನ್ನುವುದು ಅವರ ಪ್ರಶ್ನೆಗಳಲ್ಲಿ ಮುಖ್ಯವಾದವು. ಗ್ಲೈಸಿನ್‌ನ ಮೇಲೆ ಇಷ್ಟು ಆಸ್ಥೆ ಏಕೆಂದರೆ, ರೇಷ್ಮೆಯ ಮುಖ್ಯ ಪ್ರೋಟೀನಾದ ಫೈಬ್ರೊಯಿನ್ನಿನ ಉದ್ದನೆಯ ಸರಪಳಿಯಲ್ಲಿ 5,263 ಅಮೈನೊ ಆಮ್ಲಗಳಿದ್ದು, ನೂರಕ್ಕೆ ಸುಮಾರು 46 ಗ್ಲೈಸಿನ್, 30 ಅಲನಿನ್, 12 ಸೆರಿನ್. ಎಲೆಯಲ್ಲಿ ಇವು ಈ ಪ್ರಮಾಣದಲ್ಲಿ ಸಿಗುವುದಿಲ್ಲ. ಹಾಗಾಗಿ ಹುಳು ಬೇರೆ ಅಮೈನೊ ಆಮ್ಲಗಳ ಸಾರಜನಕ ತೆಗೆದು ಇವನ್ನು ತಾನೇ ಕಟ್ಟಿಕೊಳ್ಳುತ್ತದೆ, ಗ್ರಂಥಿಕೋಶವೂ ಇವನ್ನೇ ಹೊರುವ ಟಿ-ಆರ್‌ಎನ್‌ಎಗಳನ್ನು ಹೆಚ್ಚಾಗಿ ಇಟ್ಟುಕೊಳ್ಳುತ್ತದೆ.

ಅಮೆರಿಕದಲ್ಲಿ ಯೋಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ 1972ರಲ್ಲಿ ಫೈಬ್ರೊಯಿನ್ನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಗ್ರಂಥಿಯಿಂದ ಬೇರ್ಪಡಿಸಿದರು. ಇಷ್ಟೊಂದು ರೇಷ್ಮೆ ಮಾಡುವ ಕೋಶ ಆ ಒಂದು ಜೀನನ್ನೇ ಪ್ರತ್ಯೇಕವಾಗಿ ಹೆಚ್ಚಿಸಿಕೊಂಡಿರಬಹುದೇ ಎಂದೂ ಪರೀಕ್ಷಿಸಿದರು. ಹಾಗಿರಲಿಲ್ಲ. ಹೆಚ್ಚಿದ್ದು ಇಡೀ ಡಿಎನ್‌ಎ. ಅದರಲ್ಲಿ ಫೈಬ್ರೊಯಿನ್ ಜೀನ್ ಪ್ರತಿಯೊಂದು ಸೆಟ್ಟಿಗೆ ಒಂದೇ. ಹಿಂಭಾಗದ ಕೋಶದಲ್ಲೂ ನಡುಭಾಗದ ಕೋಶದಲ್ಲೂ ಅದೇ ಜೀನ್ ಇದೆ. ಆದರೆ ಹಿಂಭಾಗ ಫೈಬ್ರೊಯಿನ್ ಮಾಡುತ್ತದೆ, ನಡುಭಾಗ ಅಂಟುಪ್ರೋಟೀನಾದ ಸೆರಿಸಿನ್ ಮಾಡುತ್ತದೆ. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ತೀರ್ಮಾನ ಕೋಶಕೇಂದ್ರದ್ದು.

ಕೋಶಕೇಂದ್ರದಿಂದ ಹೊರಗೆ ಬಂದರೆ ಕೋಶದ್ರವ್ಯದ ತುಂಬ ರೈಬೋಸೋಮು ಮೆತ್ತಿದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಚಿರೋಟಿಯ ಪದರಗಳಂತೆ ಒಂದರ ಮೇಲೊಂದು ಪೊರೆ, ನಡುವೆ ಸಣ್ಣ ಸಂದು. ಎಲೆಕೋಶದಲ್ಲಿ ಇದೇ ಕಣದಂಗವನ್ನು ಹುಡುಕಬೇಕಾಗುತ್ತದೆ, ಇಲ್ಲಿ ಅದನ್ನು ಬಿಟ್ಟು ಬೇರೆ ಏನಿದೆ ಎಂದು ಹುಡುಕಬೇಕು. ಹೊರಗೆ ಕಳಿಸಬೇಕಾದ ಪ್ರೋಟೀನ್ ತಯಾರಾಗುವುದು ಈ ಪೊರೆಯ ಮೇಲೆ. ತಯಾರಾಗುತ್ತಲೇ ಅದು ಸಂದಿನೊಳಗೆ ಇಳಿಯುತ್ತದೆ. ಅಲ್ಲಿ ಫೈಬ್ರೊಯಿನ್ನಿನ ಉದ್ದ ಸರಪಳಿ ಒಂದು ಗಿಡ್ಡ ಸರಪಳಿಯ ಜೊತೆ ಗಂಧಕದ ಕೊಂಡಿಯಿಂದ ಬೆಸೆದುಕೊಳ್ಳಬೇಕು. ಅಂಥ ಆರು ಜೋಡಿಗೆ ಪಿ-25 ಎಂಬ ಮೂರನೆಯ ಪ್ರೋಟೀನಿನ ಒಂದು ಅಣು ಸೇರಿದಾಗಲೇ ಸರಕು ಮುಂದೆ ಸಾಗಲು ಸಿದ್ಧ.

ಸೇರದಿದ್ದರೆ? ಅದಕ್ಕೂ ಉತ್ತರ ಹುಳುವಿನಲ್ಲೇ ಇದೆ. ಜಪಾನಿನಲ್ಲಿ ಸಾಕಿದ ಒಂದು ರೂಪಾಂತರಿ ತಳಿಯಲ್ಲಿ ಗಿಡ್ಡ ಸರಪಳಿಯ ಜೀನ್ ಕೆಟ್ಟಿದೆ. ಉದ್ದ ಸರಪಳಿಯ ಜೀನಿನಲ್ಲಿ ಯಾವ ಊನವೂ ಇಲ್ಲ, ಪ್ರೋಟೀನ್ ತಯಾರಾಗುತ್ತದೆ. ಆದರೂ ಜೊತೆ ಸಿಗದ ಸರಪಳಿಯನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಹೊರಗೆ ಬಿಡುವುದಿಲ್ಲ. ಫೈಬ್ರೊಯಿನ್ ಅಲ್ಲೇ ತುಂಬಿಕೊಂಡು ಗ್ರಂಥಿ ಸೊರಗುತ್ತದೆ. ಹುಳು ಬರೀ ಸೆರಿಸಿನ್ ಉಗುಳಿ, ಒಳಗಿನ ಪ್ಯೂಪ ಕಾಣುವಷ್ಟು ತೆಳು ಗೂಡು ಕಟ್ಟುತ್ತದೆ. ಈ ಕಣದಂಗಕ್ಕೆ ಪ್ರೋಟೀನ್ ತಯಾರಿಕೆಯ ಜೊತೆಗೆ ಪರಿಶೀಲನೆಯ ಕೆಲಸವೂ ಇದೆ ಎಂಬುದಕ್ಕೆ ಇಷ್ಟು ಕಣ್ಣಿಗೆ ಕಟ್ಟುವ ಸಾಕ್ಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪರಿಶೀಲನೆ ಮುಗಿದ ಫೈಬ್ರೊಯಿನ್ ಸಣ್ಣ ಕೋಶಿಕೆಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ ಹೋಗುತ್ತದೆ, ಅಲ್ಲಿ ಸಾಂದ್ರವಾಗಿ ಗುಳಿಗೆಗಳಾಗುತ್ತದೆ, ಗುಳಿಗೆಗಳು ಕೋಶದ ಒಳಮೈಗೆ ಬಂದು ಪೊರೆಯೊಂದಿಗೆ ಬೆಸೆದು ನಳಿಕೆಯೊಳಗೆ ತೆರೆದುಕೊಳ್ಳುತ್ತವೆ. ಈ ದಾರಿಯನ್ನು ಮೊದಲು ಗುರುತಿಸಿದ್ದು ಜಾರ್ಜ್ ಪಲಾಡೆ, ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ. ಆಲ್ಬರ್ಟ್ ಕ್ಲೋಡ್, ಕ್ರಿಶ್ಚಿಯನ್ ಡಿ ಡ್ಯೂವ್ ಜೊತೆ ಅವರಿಗೆ 1974ರ ನೊಬೆಲ್ ಬಂತು. ನಮ್ಮ ಇನ್ಸುಲಿನ್, ಜೊಲ್ಲಿನ ಕಿಣ್ವ, ರೇಷ್ಮೆ ಎಲ್ಲವೂ ಹೊರಗೆ ಹೋಗುವುದು ಇದೇ ದಾರಿಯಲ್ಲಿ. ರೇಷ್ಮೆ ಗ್ರಂಥಿಯೂ ಮೂಲತಃ ಜೊಲ್ಲಿನ ಗ್ರಂಥಿಯೇ.

ನಳಿಕೆಯಲ್ಲಿ ಶೇಖರವಾದ ರೇಷ್ಮೆ ಇನ್ನೂ ದ್ರವ. ಹಿಂಭಾಗದಿಂದ ಬಾಯಿಯತ್ತ ಬರುತ್ತಾ ಅದರ ಪಿಎಚ್ 8ರ ಆಸುಪಾಸಿನಿಂದ 6ರ ಹತ್ತಿರಕ್ಕೆ ಇಳಿಯುತ್ತದೆ. ಆಮ್ಲದ ಕಡೆಗೆ ವಾಲಿದಂತೆ, ತೆಳು ನಳಿಕೆಯಲ್ಲಿ ಎಳೆತ ಬಿದ್ದಂತೆ ಸರಪಳಿಗಳು ಒಂದರ ಪಕ್ಕ ಒಂದು ಒರಗಿ ಗಟ್ಟಿಯಾಗುತ್ತವೆ. ಹಿಂದೆ ಗ್ರಂಥಿಯನ್ನು ವಿನೆಗರಿನಲ್ಲಿ ನೆನೆಸಿ ಕೈಯಿಂದ ಎಳೆದು ಮೀನುಗಾಳದ ದಾರವನ್ನೂ ಗಾಯ ಹೊಲಿಯುವ ದಾರವನ್ನೂ ಮಾಡುತ್ತಿದ್ದರು. ಮೇಲಿಂದ ಮೇಲೆ ಮಾಡಿ ಕಲಿತ ಆ ಉಪಾಯದ ಹಿಂದಿನ ರಸಾಯನ ಇದೇ. ಹುಳು ಮಾತ್ರ ಗೂಡು ಕಟ್ಟಲೆಂದು ಇಟ್ಟ ಚಂದ್ರಿಕೆಯ ಮೇಲೆ ಕೂತು, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ಎರಡು ಗ್ರಂಥಿಗಳ ಎರಡು ಎಳೆಗಳನ್ನು ಸೆರಿಸಿನ್ನಿನಿಂದ ಅಂಟಿಸಿ ಎರಡು ಮೂರು ದಿನದಲ್ಲಿ ಗೂಡು ಮುಗಿಸುತ್ತದೆ.

ರಾಮನಗರದ ಮಾರುಕಟ್ಟೆಯಲ್ಲಿ ಹಳದಿ ಗೂಡಿನ ಲಾಟುಗಳೂ ಬಿಳಿ ಗೂಡಿನ ಲಾಟುಗಳೂ ಬರುತ್ತವೆ. ಬಿಳಿಯವು ದ್ವಿತಳಿ, ಹಳದಿಯವು ಮೈಸೂರು ತಳಿಯ ಜೊತೆ ಕೂಡಿಸಿದ ಮಿಶ್ರತಳಿ. ಹುಳು ಆ ಬಣ್ಣವನ್ನು ತಾನಾಗಿ ತಯಾರಿಸುವುದಿಲ್ಲ. ಗೂಡಿನ ಹಳದಿಗೆ ಕಾರಣವಾದ ಕ್ಯಾರೊಟಿನಾಯ್ಡುಗಳು ಎಲೆಯ ಕ್ಲೋರೋಪ್ಲಾಸ್ಟಿನವು, ಹಸಿರು ಛಾಯೆ ಕೊಡುವ ಫ್ಲೇವನಾಯ್ಡುಗಳು ಎಲೆಕೋಶದ ರಸದಾನಿಯವು. ಕ್ಯಾರೊಟಿನಾಯ್ಡನ್ನು ಹಿಡಿದು ಒಳಗೆ ಸಾಗಿಸುವ ಪ್ರೋಟೀನ್ ಯಾವ ತಳಿಯಲ್ಲಿದೆಯೋ ಅದರ ಗೂಡಿಗೆ ಬಣ್ಣ ಬರುತ್ತದೆ, ಇಲ್ಲದ ತಳಿಯ ಗೂಡು ಬಿಳಿ. ಬಣ್ಣ ಸೇರುವುದು ಹೊರಗಿನ ಸೆರಿಸಿನ್ನಿಗೆ. ಹಾಗಾಗಿ ನೂಲಿಗೆ ಹುರಿ ಹಾಕಿ, ಸೋಪಿನ ನೀರಿನಲ್ಲಿ ಕುದಿಸಿ ಗೋಂದು ತೆಗೆದಾಗ ಎಲೆಯ ಬಣ್ಣವೂ ತೊಳೆದು ಹೋಗುತ್ತದೆ. ಮಾಗಡಿ ರಸ್ತೆಯ ಮಗ್ಗಕ್ಕೆ ಏರುವ ನೂಲಿನ ಬಣ್ಣ ಬಣ್ಣಗಾರರದ್ದು.

ಹುಳು ಸಾಕುವವರಿಗೆ ನಿದ್ದೆಗೆಡಿಸುವ ರೋಗಗಳೂ ಕಣದಂಗಗಳ ಲೆಕ್ಕದಲ್ಲೇ ಅರ್ಥವಾಗುತ್ತವೆ. ಹಾಲುತೊಂಡೆ ರೋಗದ ವೈರಸ್ ಬೆಳೆಯುವುದು ಕೋಶಕೇಂದ್ರದಲ್ಲಿ. ಅಲ್ಲಿ ಹರಳುಗಳಂಥ ಪ್ರೋಟೀನ್ ಗುಳಿಗೆಗಳಲ್ಲಿ ಅಡಗಿ ಸಾವಿರಗಟ್ಟಲೆ ಆಗುತ್ತದೆ, ಕೊನೆಗೆ ಕೋಶ ಬಿರಿಯುತ್ತದೆ. ಒಡೆದ ಕೋಶಗಳ ಈ ಗುಳಿಗೆಗಳು ತುಂಬಿಕೊಂಡೇ ಹುಳುವಿನ ರಸ ಹಾಲಿನಂತೆ ಬೆಳ್ಳಗಾಗುವುದು. ಸೊಪ್ಪಿಗೆ ಅಂಟಿದ ಗುಳಿಗೆಯನ್ನು ಇನ್ನೊಂದು ಹುಳು ತಿಂದಾಗ ಅದನ್ನು ಕರಗಿಸಿ ವೈರಸ್ಸನ್ನು ಹೊರಬಿಡುವುದು ಕರುಳಿನ ಆ ಬಲವಾದ ಕ್ಷಾರ. ಮೈಟೊಕಾಂಡ್ರಿಯಗಳು ಅಷ್ಟು ಖರ್ಚು ಮಾಡಿ ಕಾಪಾಡಿಕೊಂಡ ಕ್ಷಾರವೇ ಶತ್ರುವಿಗೆ ಬಾಗಿಲು ತೆರೆಯುತ್ತದೆ.

ಗಂಟುರೋಗ ಇನ್ನೊಂದು ಬಗೆ. ಅದನ್ನು ತರುವ ನೊಸೆಮ, ಮೈಕ್ರೊಸ್ಪೊರಿಡಿಯ ಎಂಬ ಗುಂಪಿನ ಪರಾವಲಂಬಿ. ಈ ಗುಂಪಿನ ಜೀವಿಗಳಲ್ಲಿ ಮೈಟೊಕಾಂಡ್ರಿಯ ಕುಗ್ಗಿ ಬರೀ ಒಂದು ಅವಶೇಷವಾಗಿ ಉಳಿದಿದೆ. ಅದರಿಂದ ಎಟಿಪಿ ಹುಟ್ಟುವುದಿಲ್ಲ. ಆತಿಥೇಯ ಕೋಶದೊಳಗೆ ನೆಲೆಸಿ, ಅದರ ಎಟಿಪಿಯನ್ನೇ ಪೊರೆಯ ಮೂಲಕ ಎಳೆದುಕೊಂಡು ಬದುಕುತ್ತವೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಯುರೋಪಿನ ರೇಷ್ಮೆಯನ್ನು ನೆಲಕಚ್ಚಿಸಿದ್ದು ಇದೇ ರೋಗ. ಹುಳು ಸಾಯುವ ಸಂಕಟ 1860ರ ದಶಕದಲ್ಲಿ ಮೈಸೂರು ಸೀಮೆಯನ್ನೂ ಕಾಡಿತು. ಡಿ ವೆಕ್ಕಿ ಎಂಬ ಇಟಲಿಯ ಉದ್ಯಮಿ ಜಪಾನಿನಿಂದ ಮೊಟ್ಟೆ ಕಾರ್ಡುಗಳನ್ನು ತರಿಸಿ ಇಲ್ಲಿನ ತಳಿಯನ್ನು ಎತ್ತಿ ನಿಲ್ಲಿಸಲು ನೋಡಿದ್ದು ಆ ದಿನಗಳಲ್ಲಿ.

ಗೂಡು ಮುಗಿದ ಮೇಲೆ ರೇಷ್ಮೆ ಗ್ರಂಥಿಯ ಕೋಶಗಳಿಗೆ ಏನಾಗುತ್ತದೆ? ಎಕ್ಡೈಸೋನ್ ಹಾರ್ಮೋನು ಏರಿದಂತೆ ಅವು ತಮ್ಮನ್ನೇ ಕಳಚಿಕೊಳ್ಳಲು ಶುರುಮಾಡುತ್ತವೆ. ಕೋಶದ್ರವ್ಯದ ತುಣುಕುಗಳ ಸುತ್ತ, ಮೈಟೊಕಾಂಡ್ರಿಯಗಳ ಸುತ್ತ, ಎಂಡೋಪ್ಲಾಸ್ಮಿಕ್ ಪದರಗಳ ಸುತ್ತ ಪೊರೆ ಕಟ್ಟಿ ಸಂಚಿಗಳಾಗುತ್ತವೆ. ಆ ಸಂಚಿಗಳಿಗೆ ಲೈಸೋಸೋಮುಗಳು ಬೆಸೆದು ಒಳಗಿನದನ್ನು ಜೀರ್ಣಿಸುತ್ತವೆ. ಕವಲೊಡೆದ ಆ ಭಾರೀ ಕೋಶಕೇಂದ್ರವೂ ತುಂಡಾಗುತ್ತದೆ. ಹುಳು ಪ್ಯೂಪ ಆದ ಮೇಲೆ ಕೆಲವೇ ದಿನಗಳಲ್ಲಿ ಗ್ರಂಥಿ ಇದ್ದ ಕುರುಹೂ ಉಳಿಯುವುದಿಲ್ಲ. ಬಿಚ್ಚಿದ ಪ್ರೋಟೀನು, ಕೊಬ್ಬು, ಡಿಎನ್‌ಎಯ ಚೂರುಗಳೆಲ್ಲ ಚಿಟ್ಟೆಯ ರೆಕ್ಕೆ, ಸ್ನಾಯು, ಮೊಟ್ಟೆಗಳಿಗೆ ಕಚ್ಚಾವಸ್ತುವಾಗುತ್ತವೆ. ಲೈಸೋಸೋಮನ್ನು ‘ಆತ್ಮಹತ್ಯಾ ಸಂಚಿ’ ಎಂದು ಪಠ್ಯದಲ್ಲಿ ಬರೆಯುತ್ತೇವೆ, ಆ ಹೆಸರು ಅದಕ್ಕೆ ಅನ್ಯಾಯ ಮಾಡುತ್ತದೆ ಎಂದು ನನ್ನ ಭಾವನೆ. ಗೂಡಿನಿಂದ ಹೊರಬಂದ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟದ್ದನ್ನು, ಹೀಗೆ ಕಳಚಿ ಉಳಿಸಿಕೊಂಡದ್ದನ್ನು ನೆಚ್ಚಿಯೇ ಅದು ಕೂಡಿ, ನಾನೂರು ಐನೂರು ಮೊಟ್ಟೆ ಇಡುತ್ತದೆ.

ಕೋಶ ತನ್ನನ್ನು ತಾನೇ ಹೀಗೆ ಜೀರ್ಣಿಸಿಕೊಳ್ಳುವ ಬಗೆಯನ್ನು ಬಿಡಿಸಿದ ಜಪಾನಿನ ಯೋಶಿನೊರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು. ಅವರು ಅದನ್ನು ಕಂಡುಹಿಡಿದದ್ದು ಯೀಸ್ಟಿನ ರಸದಾನಿಯಲ್ಲಿ. ಯೀಸ್ಟಿನಲ್ಲೂ ಗಿಡದಲ್ಲೂ ರಸದಾನಿ ನೀರಿನ ಉಗ್ರಾಣವಷ್ಟೇ ಅಲ್ಲ. ಪ್ರಾಣಿಕೋಶದಲ್ಲಿ ಲೈಸೋಸೋಮ್ ಮಾಡುವ ಜೀರ್ಣದ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಹಿಪ್ಪುನೇರಳೆಯ ಬುಡದ ಎಲೆಗಳು ಹಳದಿಯಾಗುವಾಗ ಕ್ಲೋರೋಪ್ಲಾಸ್ಟಿನ ರುಬಿಸ್ಕೊ ಒಡೆಯುವುದರಲ್ಲಿ ಈ ರಸದಾನಿಗೂ ಪಾಲಿದೆ. ಹಾಗೆ ಒಡೆದ ಸಾರಜನಕವನ್ನು ಗಿಡ ಮೇಲಿನ ಚಿಗುರಿಗೆ ಕಳಿಸುತ್ತದೆ. ಹಣ್ಣೆಲೆ ಹಾಕಿ ಸಾಕಿದ ಹುಳುವಿನ ಗೂಡು ಹಗುರಾಗುವುದು ಇದಕ್ಕೇ.

ನೂಲಿಗೆ ಹೋಗುವ ಗೂಡುಗಳ ಪ್ಯೂಪಗಳಿಗೆ ಚಿಟ್ಟೆಯಾಗುವ ಅವಕಾಶವಿಲ್ಲ, ಬಿಸಿಗೆ ಅವು ಸಾಯುತ್ತವೆ. ಚಿಟ್ಟೆಯಾಗುವುದು ಬಿತ್ತನೆ ಗೂಡುಗಳವು ಮಾತ್ರ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ದಾಟುವುದನ್ನು ಲೂಯಿ ಪಾಸ್ಚರ್ 1865ರಿಂದ 1870ರ ನಡುವೆ ದಕ್ಷಿಣ ಫ್ರಾನ್ಸಿನಲ್ಲಿ ಕೂತು ಕಂಡುಕೊಂಡು, ಮೊಟ್ಟೆಯ ಬದಲು ತಾಯಿಯನ್ನು ಪರೀಕ್ಷಿಸಬೇಕೆಂದ. ಇಂದಿಗೂ ನಮ್ಮ ಕೋಠಿಗಳಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಆರುನೂರು ಪಟ್ಟು ಹಿಗ್ಗಿಸಿ ನೋಡುತ್ತಾರೆ. ಮೂರು ನಾಲ್ಕು ಮೈಕ್ರೊಮೀಟರ್ ಉದ್ದದ, ಹೊಳೆಯುವ ಮೊಟ್ಟೆಯಾಕಾರದ ಬೀಜಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನು ಸುಡುತ್ತಾರೆ. ಕಾಣದಿದ್ದರೆ ಮೊಟ್ಟೆಗಳು ಚಾಕಿ ಕೇಂದ್ರಕ್ಕೆ, ಅಲ್ಲಿಂದ ರೈತರ ಮನೆಗೆ ಹೋಗುತ್ತವೆ.